ಪ್ರೈಮರಿಯಲ್ಲಿ ಗೆದ್ದರೂ ಪ್ರತಿನಿಧಿಗಳು ದಕ್ಕಲಿಲ್ಲವೇಕೆ? ಮಿಷಿಗನ್, ಫ್ಲಾರಿಡಾ ಮತ್ತು ಅರ್ಧ ಮತದ ಲೆಕ್ಕ

ರಾಜ್ಯಶಾಸ್ತ್ರದ ಮೇಷ್ಟ್ರು

ಸದಸ್ಯರಿಗೆಲ್ಲ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಮೆರಿಕದ ಅಧ್ಯಕ್ಷರ ಆಯ್ಕೆಯ ಪಾಠ ಬಂದಾಗಲೆಲ್ಲ, ಪ್ರೈಮರಿ ಎಂದರೆ ಪಕ್ಷದೊಳಗಿನ ಚುನಾವಣೆ, ಅದರಲ್ಲಿ ಸಿಕ್ಕ ಮತಗಳಿಗೆ ತಕ್ಕಂತೆ ಪ್ರತಿನಿಧಿಗಳು ಸಿಗುತ್ತಾರೆ, ಆ ಪ್ರತಿನಿಧಿಗಳು ಮಹಾಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುತ್ತಾರೆ ಎಂದು ಹೇಳಿ ಮುಂದಕ್ಕೆ ಹೋಗುವುದು ನನ್ನ ರೂಢಿ. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, 2008ರ ಜನವರಿ 29ರಂದು ಫ್ಲಾರಿಡಾದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಅವರು ಸುಮಾರು ಅರ್ಧದಷ್ಟು ಮತ ಪಡೆದು, ಮೂರನೇ ಒಂದರಷ್ಟು ಮತ ಪಡೆದ ಬರಾಕ್ ಒಬಾಮ ಅವರನ್ನು ಸೋಲಿಸಿದ್ದರೂ ಆ ರಾತ್ರಿ ಅವರ ಲೆಕ್ಕಕ್ಕೆ ಒಬ್ಬ ಪ್ರತಿನಿಧಿಯೂ ಸೇರಲಿಲ್ಲವೇಕೆ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ಪ್ರತಿನಿಧಿಗಳನ್ನು ಕಿತ್ತುಕೊಳ್ಳುವ ಅಧಿಕಾರ ಯಾರದು, ಕಿತ್ತುಕೊಂಡದ್ದನ್ನು ಆಮೇಲೆ ಹೇಗೆ ಹಿಂದಿರುಗಿಸಿದರು, ಅದು ನ್ಯಾಯವಾಗಿತ್ತೇ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಲೆಕ್ಕದ ಮನುಷ್ಯ

ಮೇಷ್ಟ್ರೇ, ಪ್ರೈಮರಿಯಲ್ಲಿ ಮತ ಹಾಕಿಸುವುದು ಬಹುಮಟ್ಟಿಗೆ ರಾಜ್ಯ ಸರ್ಕಾರ. ಆದರೆ ಆ ಮತಗಳಿಂದ ಹುಟ್ಟಿದ ಪ್ರತಿನಿಧಿಯನ್ನು ಅಧಿವೇಶನದ ಸಭಾಂಗಣದೊಳಗೆ ಬಿಟ್ಟುಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುವುದು ಪಕ್ಷ. ಆಮಂತ್ರಣ ಹಂಚುವವರು ಒಬ್ಬರು, ಪಂಕ್ತಿಯಲ್ಲಿ ಎಲೆ ಹಾಕುವವರು ಇನ್ನೊಬ್ಬರು. ಜಗಳಗಳೆಲ್ಲ ಹುಟ್ಟುವುದು ಈ ನಡುವಿನ ಸಂದಿಯಲ್ಲಿ.

2008ರ ವೇಳಾಪಟ್ಟಿಯ ಪ್ರಕಾರ ಅಯೋವಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್ ಮತ್ತು ಸೌತ್ ಕ್ಯಾರೊಲೈನಾಗಳನ್ನು ಬಿಟ್ಟು ಬೇರಾವ ರಾಜ್ಯವೂ ಫೆಬ್ರವರಿ 5ಕ್ಕೆ ಮುಂಚೆ ಮತದಾನ ನಡೆಸುವಂತಿರಲಿಲ್ಲ. ಮಿಷಿಗನ್ ಜನವರಿ 15ಕ್ಕೂ ಫ್ಲಾರಿಡಾ ಜನವರಿ 29ಕ್ಕೂ ದಿನ ಗೊತ್ತುಮಾಡಿಕೊಂಡವು. ಇದಕ್ಕೆ ಡೆಮಾಕ್ರಟಿಕ್ ಪಕ್ಷದ ನಿಯಮಾವಳಿಯಲ್ಲೇ ದಂಡ ಬರೆದಿತ್ತು: ಅಂಥ ರಾಜ್ಯ ತನ್ನ ಪ್ರತಿನಿಧಿಗಳಲ್ಲಿ ಅರ್ಧ ಭಾಗವನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. ಆದರೆ ಪಕ್ಷದ ನಿಯಮಗಳ ಸಮಿತಿ ಅಷ್ಟಕ್ಕೆ ನಿಲ್ಲದೆ, ಮಿಕ್ಕ ರಾಜ್ಯಗಳೂ ಸಾಲುಗಟ್ಟಿ ನುಗ್ಗದಿರಲಿ ಎಂಬ ಎಣಿಕೆಯಿಂದ, 2007ರ ಆಗಸ್ಟಿನಲ್ಲಿ ಫ್ಲಾರಿಡಾದ ಮತ್ತು ಡಿಸೆಂಬರಿನಲ್ಲಿ ಮಿಷಿಗನ್ನಿನ ಅಷ್ಟೂ ಪ್ರತಿನಿಧಿಗಳನ್ನು ತೆಗೆದುಹಾಕಿತು. ಅದೇ ಕಾಲದಲ್ಲಿ ರಿಪಬ್ಲಿಕನ್ನರು ಇವೆರಡೂ ಸೇರಿದಂತೆ ಐದು ರಾಜ್ಯಗಳಿಗೆ ಅರ್ಧ ದಂಡ ಹಾಕಿ ಕೈತೊಳೆದುಕೊಂಡರು. ಅವರ ಕಡೆ ಜಗಳ ಬೆಳೆಯಲಿಲ್ಲ. ಜಾನ್ ಮೆಕೇನ್ ಅವರು ಫ್ಲಾರಿಡಾವನ್ನು ಗೆದ್ದು, ಅಳಿದುಳಿದ 57 ಪ್ರತಿನಿಧಿಗಳನ್ನೂ ಬಾಚಿಕೊಂಡು ಮುಂದೆ ನಡೆದರು.

ಪೂರ್ತಿ ದಂಡ ಹಾಕಿದ್ದೇ ಮೂಲ ತಪ್ಪೆಂದು ನನ್ನ ಅಭಿಪ್ರಾಯ. ಕೊನೆತನಕ ಜಾರಿಯಲ್ಲಿಡಲು ಧೈರ್ಯವಿಲ್ಲದ ಶಿಕ್ಷೆಯನ್ನು ವಿಧಿಸಬಾರದು.

ಡೆಟ್ರಾಯಿಟ್ ಪಕ್ಕದವನು

ನಾನು ಆ ಜನವರಿ 15ರಂದು ಮಿಷಿಗನ್ನಿನಲ್ಲಿ ಮತ ಹಾಕಿದವನು. ಅದಕ್ಕೆ ಕೆಲವೇ ತಿಂಗಳ ಹಿಂದೆ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ್ದ ನನಗೂ ನನ್ನ ಮನೆಯವರಿಗೂ ಈ ದೇಶದಲ್ಲಿ ಅದೇ ಮೊದಲ ಮತ. ಹತ್ತಿರದ ಪ್ರಾಥಮಿಕ ಶಾಲೆಯ ಆಟದ ಹಾಲ್‌ನಲ್ಲಿ ಮತಗಟ್ಟೆ. ಹಿಮ ಮೆತ್ತಿದ ಬೂಟುಗಳಿಂದ ನೆಲವೆಲ್ಲ ಒದ್ದೆಯಾಗಿತ್ತು. ಯಾವ ಪಕ್ಷದ ಮತಪತ್ರ ಬೇಕೆಂದು ಬಾಯಿ ಬಿಟ್ಟು ಕೇಳಿ ಪಡೆಯಬೇಕಾಗಿತ್ತು, ಅದೇ ನನಗೆ ಮುಜುಗರ ತಂದ ಸಂಗತಿ. ಡೆಮಾಕ್ರಟಿಕ್ ಪಕ್ಷದ್ದು ಕೊಡಿ ಎಂದೆ. ಹಾಳೆ ಕೈಗೆ ಬಂದ ಮೇಲೆ ನೋಡಿದರೆ ಒಬಾಮ ಅವರ ಹೆಸರಿಲ್ಲ, ಜಾನ್ ಎಡ್ವರ್ಡ್ಸ್ ಅವರ ಹೆಸರಿಲ್ಲ, ಜೋ ಬೈಡನ್ ಮತ್ತು ಬಿಲ್ ರಿಚರ್ಡ್‌ಸನ್ ಅವರೂ ಇಲ್ಲ. ನಿಯಮ ಮುರಿದ ರಾಜ್ಯವೆಂದು ಆ ನಾಲ್ವರೂ ಹೆಸರು ಹಿಂದಕ್ಕೆ ಪಡೆದಿದ್ದರು. ಉಳಿದಿದ್ದವರು ಕ್ಲಿಂಟನ್, ಕ್ರಿಸ್ ಡಾಡ್, ಡೆನಿಸ್ ಕುಸಿನಿಚ್ ಮತ್ತು ಮೈಕ್ ಗ್ರಾವೆಲ್. ಅವರ ಕೆಳಗೆ ‘ಅನ್‌ಕಮಿಟೆಡ್’, ಅಂದರೆ ಯಾರಿಗೂ ಬದ್ಧವಲ್ಲ, ಎಂಬ ಒಂದು ಸಾಲು.

ಹೆಸರಿಲ್ಲದವರ ಹೆಸರನ್ನು ಕೈಯಿಂದ ಬರೆದರೆ ಆ ಮತ ಎಣಿಕೆಗೇ ಬರುವುದಿಲ್ಲ ಎಂದು ಪತ್ರಿಕೆಗಳು ಮೊದಲೇ ಎಚ್ಚರಿಸಿದ್ದವು. ನನ್ನ ಮನೆಯವರಿಗೆ ಒಬಾಮ ಬೇಕಾಗಿತ್ತು, ನನಗೆ ಎಡ್ವರ್ಡ್ಸ್. ಇಬ್ಬರೂ ಪೆನ್ನು ಹಿಡಿದು ಕಪ್ಪು ಮಾಡಿದ್ದು ಅದೇ ‘ಅನ್‌ಕಮಿಟೆಡ್’ ಮುಂದಿನ ಅಂಡಾಕಾರವನ್ನು. ಆ ದಿನ ಕ್ಲಿಂಟನ್ ಅವರಿಗೆ ಶೇಕಡಾ 55, ‘ಅನ್‌ಕಮಿಟೆಡ್’ಗೆ ಶೇಕಡಾ 40 ಮತ ಬಿದ್ದವು. ಅಂದರೆ ಸುಮಾರು 2 ಲಕ್ಷ 38 ಸಾವಿರ ಜನ ಚಳಿಯಲ್ಲಿ ಹೊರಬಿದ್ದು, ಯಾರ ಹೆಸರೂ ಇಲ್ಲದ ಸಾಲಿಗೆ ಮತ ಹಾಕಿ ಮನೆಗೆ ಹೋದರು.

ಲೆಕ್ಕದವರು ನಮ್ಮ ರಾಜ್ಯದ ಮೇಲೆ ತಪ್ಪು ಹೊರಿಸಿದಂತಿದೆ, ಅದಕ್ಕೆ ಒಂದು ಮಾತು. ಮಿಷಿಗನ್ ದಿನ ಬದಲಿಸಿದ್ದು ಬರಿಯ ಚಪಲಕ್ಕಲ್ಲ. ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್ ಎಂಬ ಎರಡು ಸಣ್ಣ ರಾಜ್ಯಗಳೇ ಪ್ರತಿ ಸಲವೂ ಅಭ್ಯರ್ಥಿಗಳನ್ನು ಸೋಸಿ ಕೊಡುವುದು ಏಕೆ, ಕಾರು ಕಾರ್ಖಾನೆಗಳ ನಮ್ಮ ಊರಿನ ಪಾಡು ಯಾರಿಗೂ ಕಾಣಿಸುವುದಿಲ್ಲವೇಕೆ ಎಂದು ನಮ್ಮ ಸೆನೆಟರ್ ಕಾರ್ಲ್ ಲೆವಿನ್ ಅವರು ವರ್ಷಗಟ್ಟಲೆ ವಾದಿಸುತ್ತ ಬಂದಿದ್ದರು. ಪಕ್ಷದ ವೇಳಾಪಟ್ಟಿಯಲ್ಲಿ ನೆವಾಡಾದ ನಂತರ ಬರಬೇಕಾಗಿದ್ದ ನ್ಯೂ ಹ್ಯಾಂಪ್‌ಶೈರ್ ತಾನೂ ಜನವರಿ 8ಕ್ಕೆ ಜಿಗಿದಾಗ ಅದಕ್ಕೆ ವಿನಾಯಿತಿ ಸಿಕ್ಕಿತು. ನಮಗೆ ಸಿಕ್ಕಿದ್ದು ದಂಡ. ಒಂದೇ ತಪ್ಪಿಗೆ ಒಬ್ಬ ಮಗನಿಗೆ ಮುದ್ದು, ಇನ್ನೊಬ್ಬನಿಗೆ ಗುದ್ದು.

ಲೆಕ್ಕದ ಮನುಷ್ಯ

ನ್ಯೂ ಹ್ಯಾಂಪ್‌ಶೈರ್ ವಿಚಾರದಲ್ಲಿ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಫ್ಲಾರಿಡಾದವರಿಗೆ ಇನ್ನೊಂದು ನೆಪವೂ ಇತ್ತು: ದಿನಾಂಕ ಬದಲಿಸಿದ ಕಾನೂನನ್ನು ಮಾಡಿದ್ದು ರಿಪಬ್ಲಿಕನ್ನರ ಬಹುಮತವಿದ್ದ ಶಾಸನಸಭೆ, ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಚಾರ್ಲಿ ಕ್ರಿಸ್ಟ್. ಕಾಗದದ ಮತಪತ್ರಗಳನ್ನು ಜಾರಿಗೆ ತರುವ ವಿಧಿಯೂ ಅದೇ ಮಸೂದೆಯಲ್ಲಿ ಸೇರಿದ್ದರಿಂದ ವಿರೋಧಿಸಲಾಗಲಿಲ್ಲ ಎಂದು ಡೆಮಾಕ್ರಟರು ಹೇಳಿಕೊಂಡರು. ಆದರೆ ಮಸೂದೆಗೆ ಅವರ ಶಾಸಕರೂ ಕೈ ಎತ್ತಿದ್ದರಲ್ಲ! ಪ್ರಚಾರಕ್ಕೆ ಯಾರೂ ಕಾಲಿಡದಿದ್ದರೂ ಫ್ಲಾರಿಡಾದಲ್ಲಿ ಆ ದಿನ 17 ಲಕ್ಷಕ್ಕೂ ಹೆಚ್ಚು ಡೆಮಾಕ್ರಟರು ಮತ ಹಾಕಿದರು, ಏಕೆಂದರೆ ಆಸ್ತಿ ತೆರಿಗೆಗೆ ಸಂಬಂಧಿಸಿದ ತಿದ್ದುಪಡಿಯೂ ಅಂದೇ ಮತಕ್ಕೆ ಬಂದಿತ್ತು.

ಈಗ 2008ರ ಮೇ 31ಕ್ಕೆ ಬರೋಣ. ಅಷ್ಟು ಹೊತ್ತಿಗೆ ಒಬಾಮ ಮತ್ತು ಕ್ಲಿಂಟನ್ ನಡುವೆ ಅಂತರ ಎಷ್ಟು ಕಿರಿದಾಗಿತ್ತೆಂದರೆ, ಸತ್ತುಹೋದವೆಂದು ಎಲ್ಲರೂ ತಿಳಿದಿದ್ದ ಈ ಎರಡು ರಾಜ್ಯಗಳ ಪ್ರತಿನಿಧಿಗಳಿಗೆ ಮತ್ತೆ ಜೀವ ಬಂದಿತ್ತು. ವಾಷಿಂಗ್ಟನ್ನಿನ ವಾರ್ಡ್‌ಮನ್ ಪಾರ್ಕ್ ಹೋಟೆಲಿನಲ್ಲಿ ನಿಯಮಗಳ ಸಮಿತಿ ಸೇರಿತು. ಹೊರಗೆ ಘೋಷಣೆ, ಒಳಗೆ ಟಿವಿ ಕ್ಯಾಮೆರಾ. ಮಧ್ಯಾಹ್ನದ ಊಟಕ್ಕೆಂದು ಎದ್ದುಹೋದ ಸದಸ್ಯರು ಗಂಟೆಗಟ್ಟಲೆ ಹಿಂತಿರುಗಲಿಲ್ಲ. ಊಟದ ಕೋಣೆಯಲ್ಲಿ ನಡೆದದ್ದೇ ನಿಜವಾದ ಸಭೆ.

ಫ್ಲಾರಿಡಾದ ವಿಷಯ ಸುಲಭವಾಗಿ ಇತ್ಯರ್ಥವಾಯಿತು. ಎಲ್ಲರ ಹೆಸರೂ ಮತಪತ್ರದಲ್ಲಿ ಇದ್ದುದರಿಂದ ಚುನಾಯಿತ ಹಂಚಿಕೆಯ 185 ಪ್ರತಿನಿಧಿಗಳನ್ನು ಬಿದ್ದ ಮತಗಳಂತೆಯೇ ಕ್ಲಿಂಟನ್ ಅವರಿಗೆ 105, ಒಬಾಮ ಅವರಿಗೆ 67, ಎಡ್ವರ್ಡ್ಸ್ ಅವರಿಗೆ 13 ಎಂದು ಹಂಚಿ, ಪ್ರತಿಯೊಬ್ಬರಿಗೂ ಅರ್ಧ ಮತ ಕೊಟ್ಟರು. ವಿರೋಧವಾಗಿ ಒಂದೂ ಮತ ಬೀಳಲಿಲ್ಲ.

ಕಗ್ಗಂಟಾಗಿದ್ದು ಮಿಷಿಗನ್. ಅಲ್ಲಿಯ 128 ಸ್ಥಾನಗಳನ್ನು ಬಿದ್ದ ಮತಗಳಂತೆ ಹಂಚಿದರೆ ಕ್ಲಿಂಟನ್ ಅವರಿಗೆ 73, ‘ಅನ್‌ಕಮಿಟೆಡ್’ಗೆ 55. ಒಬಾಮ ಪಾಳೆಯ ಕೇಳಿದ್ದು 64ಕ್ಕೆ 64, ಸಮಪಾಲು. ರಾಜ್ಯ ಪಕ್ಷದವರು ಎರಡರ ನಡುವಿನ ಅಂಕಿ ಹಿಡಿದು 69ಕ್ಕೆ 59 ಎಂಬ ಸೂತ್ರ ತಂದರು, ಸಮಿತಿ ಅದನ್ನೇ 19ಕ್ಕೆ 8 ಮತಗಳಿಂದ ಒಪ್ಪಿ, ಅದರಲ್ಲೂ ತಲೆಗೆ ಅರ್ಧ ಮತ ಎಂದಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ 69 ಎಂಬ ಸಂಖ್ಯೆ ಯಾವ ಮತಪೆಟ್ಟಿಗೆಯಿಂದಲೂ ಹೊರಬಂದದ್ದಲ್ಲ, ಚೌಕಾಸಿಯಲ್ಲಿ ಹುಟ್ಟಿದ್ದು. ಕ್ಲಿಂಟನ್ ಪರವಾಗಿ ಮಾತನಾಡಿದ ಹೆರಾಲ್ಡ್ ಇಕೀಸ್ ಅವರು, ಮತದಾರರು ಕೊಟ್ಟ ನಾಲ್ಕು ಪ್ರತಿನಿಧಿಗಳನ್ನು ಅಪಹರಿಸುತ್ತಿದ್ದೀರಿ, ಇದನ್ನು ಅಧಿವೇಶನದ ಅರ್ಹತಾ ಸಮಿತಿಯವರೆಗೆ ಒಯ್ಯುವ ಹಕ್ಕನ್ನು ಕ್ಲಿಂಟನ್ ಅವರು ಕಾಯ್ದಿರಿಸಿಕೊಂಡಿದ್ದಾರೆ ಎಂದು ಸಿಡಿದೆದ್ದರು. ಸಭಿಕರಲ್ಲಿ ಒಂದು ಗುಂಪು ‘ಡೆನ್ವರ್! ಡೆನ್ವರ್!’ ಎಂದು ಕೂಗಿತು. ಆಗಸ್ಟಿನ ಅಧಿವೇಶನ ನಡೆಯಬೇಕಾಗಿದ್ದದ್ದು ಡೆನ್ವರಿನಲ್ಲಿ.

ಈ ಇಕೀಸ್ ಅವರು ಅದೇ ಸಮಿತಿಯ ಸದಸ್ಯರು. 2007ರಲ್ಲಿ ಈ ರಾಜ್ಯಗಳ ಪ್ರತಿನಿಧಿಗಳನ್ನು ತೆಗೆದುಹಾಕುವ ತೀರ್ಮಾನ ಬಂದಾಗ ಅದರ ಪರವಾಗಿಯೇ ಮತ ಹಾಕಿದ್ದರು. ಕ್ಲಿಂಟನ್ ಅವರೇ ಸುಲಭವಾಗಿ ಗೆಲ್ಲುತ್ತಾರೆಂದು ಎಲ್ಲರೂ ನಂಬಿದ್ದ ಕಾಲ ಅದು.

ಶರಾವತಿ ತೀರದವಳು

ಇದುವರೆಗಿನ ಚರ್ಚೆಯನ್ನು ಓದಿದೆ. ನಿಯಮವನ್ನು ಆಟಕ್ಕೆ ಮುಂಚೆ ಬರೆದಿಡಬೇಕು, ಬರೆದ ಮೇಲೆ ಬದಲಿಸಬಾರದು ಎಂಬುದು ಲೆಕ್ಕದವರ ನಿಲುವಿನ ತಿರುಳೆಂದು ಭಾವಿಸುತ್ತೇನೆ. ಆ ನಿಯಮವನ್ನು ಬರೆದ ಕೈಯೇ ಅನ್ಯಾಯದ್ದಾಗಿದ್ದರೆ ಏನು ಮಾಡಬೇಕು? ಪ್ರತಿನಿಧಿಗಳ ಅರ್ಹತೆಯ ಜಗಳಗಳಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಿಂತಿರುವುದು 2008 ಅಲ್ಲ, 1964.

ಆ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ಸೇರಿದಾಗ ಮಿಸಿಸಿಪ್ಪಿ ರಾಜ್ಯದಿಂದ ಎರಡು ನಿಯೋಗಗಳು ಬಂದವು. ಒಂದು ರಾಜ್ಯ ಪಕ್ಷದ ಅಧಿಕೃತ ನಿಯೋಗ, ಅದರಲ್ಲಿದ್ದವರೆಲ್ಲ ಬಿಳಿಯರು. ಇನ್ನೊಂದು, ಮತದಾರರ ಪಟ್ಟಿಯಿಂದಲೇ ಹೊರಗಿಡಲ್ಪಟ್ಟ ಕಪ್ಪು ಜನರೂ ಅವರ ಬೆಂಬಲಿಗರೂ ಸೇರಿ ಕಟ್ಟಿದ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಕ್ಷದ ನಿಯೋಗ. ರಾಜ್ಯದ ಕಾನೂನನ್ನು ಹಿಡಿದು ನೋಡಿದರೆ ಮೊದಲನೆಯದರ ಕಾಗದಪತ್ರಗಳೆಲ್ಲ ಸರಿಯಾಗಿಯೇ ಇದ್ದವು. ಎರಡನೆಯವರ ಕೈಯಲ್ಲಿದ್ದದ್ದು ತಮಗಾದ ಅನ್ಯಾಯದ ಸಾಕ್ಷ್ಯ ಮಾತ್ರ.

ಆಗಸ್ಟ್ 22ರಂದು ಅರ್ಹತಾ ಸಮಿತಿಯ ಮುಂದೆ ಫ್ಯಾನಿ ಲೂ ಹೇಮರ್ ಎಂಬ ಹೆಣ್ಣುಮಗಳು ಕುಳಿತರು. ಮಿಸಿಸಿಪ್ಪಿಯ ರೂಲ್‌ವಿಲ್ ಎಂಬ ಊರಿನವರು, ಬೇರೆಯವರ ಹತ್ತಿ ಹೊಲದಲ್ಲಿ ದುಡಿದು ಬದುಕಿದವರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ಜಮೀನಿನ ಒಡೆಯ ಅವರನ್ನು ಅಂದೇ ಹೊರಹಾಕಿದ. ಮರುವರ್ಷ ವಿನೋನಾ ಎಂಬಲ್ಲಿಯ ಜೈಲಿನಲ್ಲಿ ಅವರನ್ನು ಹೇಗೆ ಹೊಡೆದರು ಎಂಬುದನ್ನು ಅವರು ಟಿಪ್ಪಣಿಯ ಹಾಳೆಯೂ ಇಲ್ಲದೆ ಹೇಳುತ್ತಿದ್ದಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ ಇದ್ದಕ್ಕಿದ್ದಂತೆ ಪತ್ರಿಕಾಗೋಷ್ಠಿ ಕರೆದರು, ಕ್ಯಾಮೆರಾಗಳು ಅತ್ತ ತಿರುಗಿದವು. ಆದರೆ ಟಿವಿಯವರು ಸಂಜೆ ಆ ಸಾಕ್ಷ್ಯವನ್ನು ಮತ್ತೆ ತೋರಿಸಿದರು, ಹಗಲಿಗಿಂತ ಹೆಚ್ಚು ಜನ ನೋಡುವ ಹೊತ್ತಿನಲ್ಲಿ.

ಸಮಿತಿ ಕೊಟ್ಟ ರಾಜಿಸೂತ್ರ ಎರಡೇ ಎರಡು ಸ್ಥಾನ, ಅದೂ ಯಾರು ಕೂರಬೇಕೆಂದು ಸಮಿತಿಯ ಕಡೆಯವರೇ ಹೆಸರಿಸಿ. ಎರಡು ಸ್ಥಾನಕ್ಕಾಗಿ ನಾವು ಇಷ್ಟು ದೂರ ಬಂದಿಲ್ಲ ಎಂದು ಹೇಮರ್ ಹೇಳಿದರು, ನಿಯೋಗ ರಾಜಿಯನ್ನು ತಿರಸ್ಕರಿಸಿತು. ಜನಾಂಗಭೇದ ಮಾಡಿ ಆರಿಸಿದ ನಿಯೋಗಗಳಿಗೆ ಮುಂದಿನ ಅಧಿವೇಶನದಲ್ಲಿ ಜಾಗವಿಲ್ಲ ಎಂಬ ಮಾತನ್ನು ಮಾತ್ರ ಪಕ್ಷ ಕೊಟ್ಟಿತು. 1968ರಲ್ಲಿ ಶಿಕಾಗೊದಲ್ಲಿ ಮಿಸಿಸಿಪ್ಪಿಯ ಹಳೆಯ ನಿಯೋಗವನ್ನು ಹೊರಗೆ ನಿಲ್ಲಿಸಿ ಹೇಮರ್ ಇದ್ದ ನಿಯೋಗವನ್ನು ಕೂರಿಸಿದಾಗ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಈಗ ಹೇಳಿ, 1964ರಲ್ಲಿ ‘ನಿಯಮ ಹೀಗಿದೆ’ ಎಂದವರು ಸರಿಯೇ?

ಲೆಕ್ಕದ ಮನುಷ್ಯ

ಸರಿಯಲ್ಲ. ಅಲ್ಲಿ ನಿಯಮವೆಂದು ಕರೆಸಿಕೊಂಡದ್ದು ಒಂದು ಸಮುದಾಯವನ್ನು ಆಟದಿಂದಲೇ ಹೊರಗಿಡುವ ಉಪಾಯ. ಮಿಷಿಗನ್ನಿನ ದಿನಾಂಕದ ಜಗಳವನ್ನು ಅದರ ಪಕ್ಕದಲ್ಲಿ ಇಟ್ಟು ತೂಗುವುದಕ್ಕೇ ನನಗೆ ಸಂಕೋಚವಾಗುತ್ತದೆ. 2008ರಲ್ಲಿ ಕ್ಲಿಂಟನ್ ಪಾಳೆಯದವರು ತಮ್ಮ ಬೇಡಿಕೆಯನ್ನು ನಾಗರಿಕ ಹಕ್ಕುಗಳ ಹೋರಾಟಕ್ಕೆ ಹೋಲಿಸಿ ಮಾತನಾಡಿದ್ದು ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ.

ಆದರೆ ಮೇಡಂ, ನೀವು ಹೇಳಿದ ಕಥೆಗೆ 1972ರಲ್ಲಿ ಒಂದು ಬಾಲ ಬೆಳೆಯಿತು. 1968ರ ನಂತರ ಪಕ್ಷ ಮೆಕ್‌ಗವರ್ನ್-ಫ್ರೇಸರ್ ಆಯೋಗದ ಮೂಲಕ ಹೊಸ ನಿಯಮಗಳನ್ನು ಮಾಡಿ, ನಿಯೋಗಗಳಲ್ಲಿ ಕಪ್ಪು ಜನರಿಗೆ, ಹೆಂಗಸರಿಗೆ, ಯುವಕರಿಗೆ ತಕ್ಕ ಪಾಲು ಇರಬೇಕೆಂದಿತು. ಶಿಕಾಗೊದ ಮೇಯರ್ ರಿಚರ್ಡ್ ಡೇಲಿ ಅವರ ಕಡೆಯ 59 ಪ್ರತಿನಿಧಿಗಳು ಮತದಾರರಿಂದ ಆರಿಸಿ ಬಂದವರಾದರೂ ಈ ನಿಯಮಗಳನ್ನು ಪಾಲಿಸಿರಲಿಲ್ಲ. ಮಯಾಮಿ ಬೀಚಿನ ಅಧಿವೇಶನ ಅವರನ್ನು ಹೊರಕ್ಕೆ ಕಳಿಸಿ, ವಿಲಿಯಂ ಸಿಂಗರ್ ಮತ್ತು ಜೆಸ್ಸಿ ಜಾಕ್ಸನ್ ಅವರ ಮುಂದಾಳತ್ವದ ಗುಂಪನ್ನು ಕೂರಿಸಿತು. ಅದೇ ಅಧಿವೇಶನದಲ್ಲಿ ಕ್ಯಾಲಿಫೋರ್ನಿಯಾದ ಜಗಳವೂ ಇತ್ತು. ಅಲ್ಲಿ ಗೆದ್ದವರಿಗೇ ಎಲ್ಲ ಎಂಬ ನಿಯಮವಿದ್ದು, ಜಾರ್ಜ್ ಮೆಕ್‌ಗವರ್ನ್ ಅವರು 271 ಪ್ರತಿನಿಧಿಗಳನ್ನೂ ಗೆದ್ದಿದ್ದರು. ಸೋತ ಹ್ಯೂಬರ್ಟ್ ಹಂಫ್ರಿ ಮತ್ತಿತರರ ಪಾಳೆಯಗಳು ಒಟ್ಟುಗೂಡಿ, ಮತಕ್ಕೆ ತಕ್ಕ ಪಾಲು ಬೇಕೆಂದು ಅರ್ಹತಾ ಸಮಿತಿಯಲ್ಲಿ 151 ಸ್ಥಾನಗಳನ್ನು ಕಿತ್ತುಕೊಂಡರು. ಅದನ್ನು ಕೊನೆಗೆ ಅಧಿವೇಶನದ ಸಭೆಯೇ ಮತ ಹಾಕಿ ಮೆಕ್‌ಗವರ್ನ್ ಅವರಿಗೆ ಹಿಂದಿರುಗಿಸಿತು. ಅವರು ಅಭ್ಯರ್ಥಿಯೇನೋ ಆದರು, ಆದರೆ ಡೇಲಿ ಅವರಂಥವರನ್ನು ಬಾಗಿಲಲ್ಲಿ ನಿಲ್ಲಿಸಿದ ಪಕ್ಷ ಆ ನವೆಂಬರಿನಲ್ಲಿ 49 ರಾಜ್ಯಗಳನ್ನು ಸೋತಿತು. ಸೋಲಿಗೆ ಅದೊಂದೇ ಕಾರಣವಲ್ಲ ಎಂಬುದು ನಿಜ.

ಧಾರವಾಡದ ವಕೀಲ

ಮೇಷ್ಟ್ರು ಕೇಳಿದ ಅಧಿಕಾರದ ಪ್ರಶ್ನೆಗೆ ನೇರ ಉತ್ತರ 1972ರ ಆ ಜಗಳದಲ್ಲೇ ಇದೆ. ಡೇಲಿ ಪಾಳೆಯದವರು ಇಲಿನಾಯ್ ರಾಜ್ಯದ ನ್ಯಾಯಾಲಯಕ್ಕೆ ಹೋಗಿ, ರಾಜ್ಯದ ಚುನಾವಣಾ ಕಾನೂನಿನಂತೆ ಆರಿಸಿ ಬಂದವರು ನಾವೇ, ನಮ್ಮ ಸ್ಥಾನದಲ್ಲಿ ಬೇರೆಯವರು ಕೂರದಂತೆ ತಡೆಯಿರಿ ಎಂದು ಆಜ್ಞೆ ತಂದಿದ್ದರು. ಆ ಪ್ರಕರಣ ಮೇಲಕ್ಕೆ ಹೋಗಿ 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಸಿನ್ಸ್ ಮತ್ತು ವಿಗೋಡಾ ಮೊಕದ್ದಮೆಯಲ್ಲಿ, ರಾಷ್ಟ್ರೀಯ ಪಕ್ಷವೊಂದು ತನ್ನ ಅಧಿವೇಶನಕ್ಕೆ ಯಾರನ್ನು ಪ್ರತಿನಿಧಿಗಳೆಂದು ಸ್ವೀಕರಿಸಬೇಕು ಎಂಬುದು ಆ ಪಕ್ಷದ ಸಂಘಟನಾ ಸ್ವಾತಂತ್ರ್ಯಕ್ಕೆ ಸೇರಿದ್ದು, ರಾಜ್ಯದ ಕಾನೂನು ಅದರಲ್ಲಿ ತಲೆಹಾಕುವಂತಿಲ್ಲ ಎಂದು ಹೇಳಿತು. 1981ರಲ್ಲಿ ವಿಸ್ಕಾನ್ಸಿನ್ನಿನ ಮುಕ್ತ ಪ್ರೈಮರಿಯ, ಅಂದರೆ ಯಾವ ಪಕ್ಷದವರೂ ಮತ ಹಾಕಬಹುದಾದ ಪ್ರೈಮರಿಯ, ವಿಷಯದಲ್ಲೂ ಇದೇ ನಿಲುವು ತಳೆಯಿತು: ರಾಜ್ಯ ತನಗೆ ಬೇಕಾದಂತೆ ಪ್ರೈಮರಿ ನಡೆಸಿಕೊಳ್ಳಲಿ, ಆದರೆ ಅದರ ಫಲಿತಾಂಶಕ್ಕೆ ಕಟ್ಟುಬೀಳಬೇಕೆಂದು ರಾಷ್ಟ್ರೀಯ ಪಕ್ಷವನ್ನು ಒತ್ತಾಯಿಸುವಂತಿಲ್ಲ.

ಆದ್ದರಿಂದ ಫ್ಲಾರಿಡಾದಲ್ಲಿ ಮತದಾನ ಕಾನೂನುಬದ್ಧವಾಗಿತ್ತು, ಪ್ರತಿನಿಧಿಗಳನ್ನು ತೆಗೆದುಹಾಕಿದ್ದೂ ಕಾನೂನುಬದ್ಧವಾಗಿತ್ತು. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಒಪ್ಪಿಸುವುದು ಕಷ್ಟವೆಂದು ಬಲ್ಲೆ. 2024ರಲ್ಲೂ ನ್ಯೂ ಹ್ಯಾಂಪ್‌ಶೈರ್ ಪಕ್ಷದ ಹೊಸ ವೇಳಾಪಟ್ಟಿಯನ್ನು ಧಿಕ್ಕರಿಸಿ ಜನವರಿ 23ಕ್ಕೆ ಮತದಾನ ನಡೆಸಿತು. ಬೈಡನ್ ಅವರ ಹೆಸರು ಮತಪತ್ರದಲ್ಲೇ ಇರಲಿಲ್ಲ. ಜನ ಕೈಯಿಂದ ಹೆಸರು ಬರೆದು ಅವರನ್ನು ಗೆಲ್ಲಿಸಿದರು.

ಸುಮ್ಮನೆ ಓದುವವನು

ಇಷ್ಟೆಲ್ಲ ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ಬಿ ಫಾರಂ. ಕೊನೆಗೆ ಪಕ್ಷದ ಮೇಲಿನವರು ಯಾರ ಕೈಗೆ ಕಾಗದ ಕೊಡುತ್ತಾರೋ ಅವರೇ ಅಭ್ಯರ್ಥಿ. ಅಲ್ಲಿಯೂ ಅಷ್ಟೇ, ಇಲ್ಲಿಯೂ ಅಷ್ಟೇ.

ಧಾರವಾಡದ ವಕೀಲ

ಅಷ್ಟೇ ಅಲ್ಲ ಸ್ವಾಮಿ. ಬಿ ಫಾರಂ ಯಾರಿಗೆ ಎಂಬ ತೀರ್ಮಾನದ ಲೆಕ್ಕವನ್ನು ಪಕ್ಷ ಯಾರಿಗೂ ಒಪ್ಪಿಸಬೇಕಾಗಿಲ್ಲ. ಅಲ್ಲಿ ಸಮಿತಿ ಟಿವಿಯ ಎದುರು ಕುಳಿತು, ಎರಡೂ ಕಡೆಯ ವಾದ ಕೇಳಿ, ಎಲ್ಲರ ಎದುರೇ ಮತ ಹಾಕಬೇಕು. ಊಟದ ಕೋಣೆಯಲ್ಲಿ ಕುದುರಿದ ಒಪ್ಪಂದವಾದರೂ ಹೊರಗೆ ಬಂದು ಕಾರಣ ಹೇಳಬೇಕಾಗುತ್ತದೆ.

ರಾಜ್ಯಶಾಸ್ತ್ರದ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದೇಹ ಉಳಿದಿದೆ. ಪ್ರತಿನಿಧಿಗಳ ಅರ್ಹತೆಯನ್ನು ಪಕ್ಷ ತೀರ್ಮಾನಿಸುತ್ತದೆ ಎಂದಾಯಿತು. ಅಭ್ಯರ್ಥಿಯ ಅರ್ಹತೆಯನ್ನು ಯಾರು ನೋಡುತ್ತಾರೆ? ಹುಟ್ಟಿನಿಂದಲೇ ಪೌರನಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸವಿರಬೇಕು ಎಂದು ಸಂವಿಧಾನದಲ್ಲಿದೆ. ಪರಿಶೀಲಿಸುವ ಚುನಾವಣಾ ಆಯೋಗದಂಥ ಒಂದು ಸಂಸ್ಥೆ ಅಲ್ಲಿಲ್ಲವೇ?

ಧಾರವಾಡದ ವಕೀಲ

ಇಲ್ಲ. ನಮ್ಮಲ್ಲಿ ನಾಮಪತ್ರ ಪರಿಶೀಲನೆಯ ದಿನ ಚುನಾವಣಾಧಿಕಾರಿ ಮಾಡುವ ಕೆಲಸವನ್ನು ಇಡೀ ದೇಶಕ್ಕೆ ಒಂದೇ ಕಡೆ ಮಾಡುವವರು ಅಲ್ಲಿಲ್ಲ. ಪ್ರತಿ ರಾಜ್ಯಕ್ಕೂ ಅದರದರ ಮತಪತ್ರದ ನಿಯಮಗಳಿವೆ. 2012ರಲ್ಲಿ ವರ್ಜೀನಿಯಾ 10,000 ಮತದಾರರ ಸಹಿ ಕೇಳಿತ್ತು. ನ್ಯೂಟ್ ಗಿಂಗ್ರಿಚ್, ರಿಕ್ ಪೆರಿಯಂಥವರೂ ಅದನ್ನು ಪೂರೈಸಲಾಗದೆ, ಅಲ್ಲಿಯ ರಿಪಬ್ಲಿಕನ್ ಮತಪತ್ರದಲ್ಲಿ ಮಿಟ್ ರಾಮ್ನಿ ಮತ್ತು ರಾನ್ ಪಾಲ್ ಇಬ್ಬರೇ ಉಳಿದರು.

ಹುಟ್ಟಿನ ಪ್ರಶ್ನೆ ಇನ್ನೂ ತೊಡಕಿನದು. ಮೆಕೇನ್ ಅವರು 1936ರಲ್ಲಿ ಹುಟ್ಟಿದ್ದು ಪನಾಮಾ ಕಾಲುವೆ ವಲಯದ ನೌಕಾನೆಲೆಯಲ್ಲಿ, ತಂದೆ ಅಲ್ಲಿ ಅಧಿಕಾರಿ. ಆ ವಲಯದಲ್ಲಿ ಹುಟ್ಟಿದ ಅಮೆರಿಕನ್ನರ ಮಕ್ಕಳು ಪೌರರೆಂದು ಸ್ಪಷ್ಟವಾಗಿ ಹೇಳುವ ಕಾನೂನು ಬಂದದ್ದು 1937ರಲ್ಲಿ, ಅವರು ಹುಟ್ಟಿದ ಮೇಲೆ. ಇದು ತಲೆನೋವಾಗದಿರಲೆಂದು 2008ರ ಏಪ್ರಿಲಿನಲ್ಲಿ ಸೆನೆಟ್ಟು ಅವರು ಅರ್ಹರೆಂದು ನಿರ್ಣಯ ಮಾಡಿತು. ಅದನ್ನು ಬೆಂಬಲಿಸಿ ಹೆಸರು ಕೊಟ್ಟವರಲ್ಲಿ ಒಬಾಮ ಮತ್ತು ಕ್ಲಿಂಟನ್ ಇಬ್ಬರೂ ಇದ್ದರು. ಹಾನಲೂಲೂವಿನಲ್ಲಿ ಹುಟ್ಟಿದ ಒಬಾಮ ಅವರಿಗೆ ಆ ಸೌಜನ್ಯ ಸಿಗಲಿಲ್ಲ. ವರ್ಷಗಟ್ಟಲೆ ಗುಲ್ಲೆದ್ದು, ಕೊನೆಗೆ 2011ರ ಏಪ್ರಿಲಿನಲ್ಲಿ ತಮ್ಮ ಪೂರ್ಣ ಜನನ ಪ್ರಮಾಣಪತ್ರವನ್ನು ಅವರು ಬಹಿರಂಗಪಡಿಸಬೇಕಾಯಿತು. 2016ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಟೆಡ್ ಕ್ರೂಜ್ ಅವರ ಸರದಿ. ತಾಯಿ ಅಮೆರಿಕದ ಪೌರಳಾಗಿದ್ದುದರಿಂದ ಅವರು ಅರ್ಹರೆಂದು ಪೆನ್ಸಿಲ್ವೇನಿಯಾದ ನ್ಯಾಯಾಲಯ ಹೇಳಿತು. ಸುಪ್ರೀಂ ಕೋರ್ಟು ಮಾತ್ರ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

2023ರ ಡಿಸೆಂಬರಿನಲ್ಲಿ ಕೊಲರಾಡೊದ ಸುಪ್ರೀಂ ಕೋರ್ಟು, ದಂಗೆಯಲ್ಲಿ ತೊಡಗಿದವರು ಅಧಿಕಾರಕ್ಕೆ ಅನರ್ಹರೆನ್ನುವ 14ನೇ ತಿದ್ದುಪಡಿಯ ಮೂರನೇ ಪರಿಚ್ಛೇದವನ್ನು ಹಿಡಿದು, ಡೊನಾಲ್ಡ್ ಟ್ರಂಪ್ ಅವರ ಹೆಸರನ್ನು ಪ್ರೈಮರಿ ಮತಪತ್ರದಲ್ಲಿ ಸೇರಿಸಬಾರದೆಂದು 4-3ರಲ್ಲಿ ತೀರ್ಪು ಕೊಟ್ಟಿತು. 2024ರ ಮಾರ್ಚ್ 4ರಂದು, ಅಂದರೆ ಕೊಲರಾಡೊದ ಮತದಾನಕ್ಕೆ ಒಂದೇ ದಿನ ಮುಂಚೆ, ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆ ತೀರ್ಪನ್ನು ರದ್ದುಮಾಡಿದರು. ರಾಜ್ಯಗಳು ತಮ್ಮಷ್ಟಕ್ಕೆ ಈ ಪರಿಚ್ಛೇದವನ್ನು ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯ ಮೇಲೆ ಪ್ರಯೋಗಿಸುವಂತಿಲ್ಲ ಎಂಬುದು ಕಾರಣ. ದಂಗೆ ನಡೆಯಿತೇ, ಅದರಲ್ಲಿ ಅವರ ಪಾತ್ರವಿತ್ತೇ ಎಂಬುದನ್ನು ತೀರ್ಪು ಮುಟ್ಟಲಿಲ್ಲ.

ಡೆಟ್ರಾಯಿಟ್ ಪಕ್ಕದವನು

ಅರ್ಹತೆಯ ಮಾತು ಬಂದದ್ದರಿಂದ ನಮ್ಮ ಕಡೆಯ ಒಂದು ಸಂಗತಿ. ನಮ್ಮ ಡೆಟ್ರಾಯಿಟ್ ಭಾಗದಿಂದ 2022ರಲ್ಲಿ ಕಾಂಗ್ರೆಸ್ಸಿಗೆ ಆಯ್ಕೆಯಾದ ಶ್ರೀ ಠಾಣೇದಾರ್ ಅವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಡೆಮಾಕ್ರಟಿಕ್ ಪಕ್ಷದ ಕಾಂಗ್ರೆಸ್ ಸದಸ್ಯರೆಂಬ ಕಾರಣಕ್ಕೆ ಪಕ್ಷದ ನಿಯಮದಂತೆ ಅವರು ತಾವಾಗಿಯೇ ಅಧಿವೇಶನದ ಪ್ರತಿನಿಧಿಯಾಗುತ್ತಾರೆ, ಯಾವ ಪ್ರೈಮರಿಯಲ್ಲೂ ಅದಕ್ಕಾಗಿ ಗೆಲ್ಲಬೇಕಾಗಿಲ್ಲ. ಆದರೆ ಹುಟ್ಟಿದ್ದು ಚಿಕ್ಕೋಡಿಯಲ್ಲಾದ್ದರಿಂದ ಅಧ್ಯಕ್ಷ ಸ್ಥಾನಕ್ಕೆ ಅವರು ಸ್ಪರ್ಧಿಸುವಂತಿಲ್ಲ. ನಾನೂ ಅಷ್ಟೇ ಅನ್ನಿ, ನನಗೆ ಆ ಆಸೆ ಇಲ್ಲದ್ದರಿಂದ ನಷ್ಟವಿಲ್ಲ.

ನಾನು ಮೊದಲು ಹೇಳಿದ ಕಥೆ ಅರ್ಧಕ್ಕೆ ನಿಂತಿತ್ತು. ಸಮಿತಿ ಕೊಟ್ಟ 59 ಸ್ಥಾನಗಳು ಪೂರ್ತಿಯಾಗಿ ಒಬಾಮ ಅವರ ಪಾಲಾದವು. ಮೇ 31ರ ಸಭೆಯನ್ನು ನಾವಿಬ್ಬರೂ ಟಿವಿಯಲ್ಲಿ ನೋಡುತ್ತಿದ್ದೆವು. ‘ಅನ್‌ಕಮಿಟೆಡ್’ ಎಂದು ಮತ ಹಾಕಿದವರೆಲ್ಲ ಒಬಾಮ ಕಡೆಯವರೆಂದು ನಿಮಗೆ ಹೇಗೆ ಗೊತ್ತು ಎಂಬ ಆಕ್ಷೇಪ ಬಂದಾಗ ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದ್ದೆ. ಅಷ್ಟರಲ್ಲಾಗಲೇ ಎಡ್ವರ್ಡ್ಸ್ ಅವರು ಮೇ 14ರಂದು ನಮ್ಮ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸಿಗೇ ಬಂದು ಒಬಾಮ ಅವರಿಗೆ ಬೆಂಬಲ ಘೋಷಿಸಿ ಹೋಗಿದ್ದರು. ಹಾಗಾಗಿ ನನ್ನ ಮತ ಹೋಗಬೇಕಾದಲ್ಲಿಗೇ ಹೋಯಿತೆಂದು ಮನೆಯವರ ವಾದ. ಜನವರಿಯಲ್ಲಿ ನಾನು ಹಾಕಿದ ಮತವನ್ನು ಮೇ ತಿಂಗಳಿನಲ್ಲಿ ಬೇರೊಬ್ಬರು ಓದಿ ಅರ್ಥ ಹೇಳಿದರೆಂಬುದು ನನ್ನ ದೂರು.

ಜೂನ್ 3ರಂದು ಮೊಂಟಾನಾ ಮತ್ತು ಸೌತ್ ಡಕೋಟಾ ಮತ ಹಾಕಿದ ದಿನ ಒಬಾಮ ಅವರು ಅಭ್ಯರ್ಥಿಯಾಗಲು ಬೇಕಾಗಿದ್ದ 2,118 ಪ್ರತಿನಿಧಿ ಮತಗಳನ್ನು ದಾಟಿದರು, 7ರಂದು ಕ್ಲಿಂಟನ್ ಅವರು ಕಣದಿಂದ ಹಿಂದೆ ಸರಿದು ಅವರಿಗೆ ಬೆಂಬಲ ಸೂಚಿಸಿದರು. ಡೆನ್ವರಿನಲ್ಲಿ ಅಧಿವೇಶನ ಶುರುವಾಗುವ ಹಿಂದಿನ ದಿನ, ಆಗಸ್ಟ್ 24ರಂದು, ಒಬಾಮ ಅವರೇ ಕೇಳಿಕೊಂಡ ಮೇರೆಗೆ ಅರ್ಹತಾ ಸಮಿತಿ ಎರಡೂ ರಾಜ್ಯಗಳ ಪ್ರತಿನಿಧಿಗಳಿಗೆ ಪೂರ್ತಿ ಮತ ಹಿಂದಿರುಗಿಸಿತು. ಅಷ್ಟು ಹೊತ್ತಿಗೆ ಅದರಿಂದ ಯಾರಿಗೂ ಲಾಭವಿರಲಿಲ್ಲ, ಯಾರಿಗೂ ನಷ್ಟವಿರಲಿಲ್ಲ. ಯಾರೂ ಜಗಳವಾಡಲಿಲ್ಲ.

ರಾಜ್ಯಶಾಸ್ತ್ರದ ಮೇಷ್ಟ್ರು

ಸೋಮವಾರದ ಎರಡನೇ ಅವಧಿ ಆ ತರಗತಿಗೆ ಇದೆ. ಡೆಟ್ರಾಯಿಟ್‌ನವರೇ, ಒಂದು ಅನುಮತಿ ಬೇಕು. ನೀವು ವಿವರಿಸಿದ ಆ ಮತಪತ್ರವನ್ನು, ನಾಲ್ಕು ಹೆಸರು ಮತ್ತು ‘ಅನ್‌ಕಮಿಟೆಡ್’ ಎಂಬ ಸಾಲಿನ ಸಮೇತ, ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ಮತ ಹಾಕಿಸೋಣವೆಂದಿದ್ದೇನೆ. ಆಮೇಲೆ ಆ ಸಾಲಿಗೆ ಬಿದ್ದ ಮತಗಳನ್ನು ಯಾರಿಗೆ ಕೊಡಬೇಕೆಂದು ಆ ಹುಡುಗಿಯನ್ನೇ ಕೇಳುತ್ತೇನೆ.

ಡೆಟ್ರಾಯಿಟ್ ಪಕ್ಕದವನು

ಧಾರಾಳವಾಗಿ ಮಾಡಿ ಸರ್. ಒಬಾಮ ಅವರ ಹೆಸರು ಹಲಗೆಯ ಮೇಲೆ ಏಕಿಲ್ಲ ಎಂದು ಮಕ್ಕಳು ಕೇಳಿದರೆ, ಮತ ಹಾಕಿ ಮುಗಿಯುವವರೆಗೆ ಕಾರಣ ಹೇಳಬೇಡಿ.